ಫಿಂಟನ್ ಅಜ್ಜನ ಮೇಲೆ ಎರಡು ಸಲಿಕೆ

ಫಿಂಟನ್ ಮುದುಕನಿಗೆ ಸಾಯಲು ಸೋಮವಾರವೇ ಬೇಕಿತ್ತೇ? ವಾರದಲ್ಲಿ ಇನ್ನೂ ಆರು ದಿನ ಬಿದ್ದಿದ್ದವು. ಸೋಮವಾರ ಗೋರಿ ತೋಡಬಾರದು, ತೋಡಿದರೆ ಅದು ಅದೇ ಮನೆಯಿಂದ ಇನ್ನೊಬ್ಬನನ್ನು ಕೇಳುತ್ತದೆ ಎಂಬುದು ಐರ್ಲೆಂಡಿನ ಹಾಲುಗಲ್ಲದ ಮಗುವಿಗೂ ಗೊತ್ತು. ಎಪ್ಪತ್ತು ವರ್ಷ ಬದುಕಿದ ಫಿಂಟನ್‌ಗೆ ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿದ್ದೂ ಹೋದ. ಹೋಗುವವರು ಇರುವವರ ಅನುಕೂಲ ಕೇಳಿಕೊಂಡು ಹೋಗುತ್ತಾರೆಯೇ, ಬಿಡಿ.

ಬೆಳಗಾಗುತ್ತಲೇ ಎದ್ದ ಮುರ್ತಾ, ಒಲೆ ತಣ್ಣಗಿರುವುದನ್ನು ನೋಡಿದ. ಅಜ್ಜ ಚಹಾಕ್ಕೆ ನೀರಿಟ್ಟಿರಲಿಲ್ಲ. ಮಂಚದ ಹತ್ತಿರ ಹೋಗಿ ಹಣೆ ಮುಟ್ಟಿದ. ಅದೂ ತಣ್ಣಗಿತ್ತು. ಅಳು ಬಂತು, ಆದರೆ ಅಳಲಿಲ್ಲ. ಪಕ್ಕದಲ್ಲಿ ಟಕ್‌ವೆಲ್ ಮಲಗಿದ್ದ. ಲ್ಯಾಂಕಷೈರಿನ ಜೋ ಹಾರ್ಗ್ರೀವ್ ಎನ್ನುವ ಇಂಗ್ಲಿಷಿನವನು ಐರಿಷ್ ಮುದುಕನೊಬ್ಬನಿಗಾಗಿ ಗೊಳೋ ಎಂದರೆ ಯಾರಿಗಾದರೂ ಅನುಮಾನ ಬರದೇ?

ಏಕೆಂದರೆ ಮುರ್ತಾ ಈಗ ಜೋ ಹಾರ್ಗ್ರೀವ್ ಆಗಿದ್ದ. ಐರ್ಲೆಂಡಿನ ಟಿಪ್ಪರರಿಯ ಮುರ್ತಾ ಹೆಫರ್ನನ್ ಎಂಬವನನ್ನು ಗುಪ್ತ ಸಂಘದ ಪ್ರಮಾಣ ಮಾಡಿದ್ದಕ್ಕೆ, ಜಮೀನ್ದಾರನ ಹುಲ್ಲಿನ ಬಣವೆ ಸುಟ್ಟಿದ್ದಕ್ಕೆ ಜೀವಾವಧಿ ಎಂದು ಹಡಗಿಗೆ ತುಂಬಿ ಇಲ್ಲಿಗೆ, ಲೋಕದ ಈ ತುದಿಗೆ ಕಳಿಸಿದ್ದರು. ಒಂದು ಸಲ ಓಡಿದ, ಸಿಕ್ಕಿಬಿದ್ದ, ಬೆನ್ನ ಮೇಲೆ ನೂರು ಚಾವಟಿಯೇಟು ಬಿತ್ತು. ಕಾಲಿಗೆ ಸಂಕೋಲೆ ಹಾಕಿ ರಸ್ತೆ ಕೆಲಸಕ್ಕೆ ಹಚ್ಚಿದರು. ಎಂಟು ತಿಂಗಳ ಹಿಂದೆ ಅಲ್ಲಿಂದಲೂ ಓಡಿದ. ಜ್ವರದಿಂದ ಸತ್ತ ಹಾರ್ಗ್ರೀವ್ ಎಂಬ ಶಿಕ್ಷೆ ಮುಗಿಸಿದವನ ಬಿಡುಗಡೆಯ ಕಾಗದ ಅವನ ಕೈಗೆ ಬಂತು. ಹದಿನೆಂಟರ ವಯಸ್ಸಿನಲ್ಲಿ ಎರಡು ವರ್ಷ ಲ್ಯಾಂಕಷೈರಿನಲ್ಲಿ ಕಾಲುವೆ ತೋಡಿದ್ದರಿಂದ ಅಲ್ಲಿಯ ಮಾತೂ ನಾಲಿಗೆಗೆ ಸ್ವಲ್ಪ ಹತ್ತಿತ್ತು. ಅಷ್ಟನ್ನೇ ನಂಬಿಕೊಂಡು ಸಿಡ್ನಿಯಿಂದ ಬಹುದೂರದ ಮರಂಬಿಜಿ ನದಿಯ ದಂಡೆಯ ಈ ತೊಗಟೆಯ ಗುಡಿಸಲಿಗೆ ಕುರಿ ಕಾಯಲು ಬಂದ.

ಇನ್ನು ಮೂರೇ ದಿನ ಇತ್ತು. ಗುರುವಾರ ದನ ಹೊಡೆಯುವವರ ಗುಂಪೊಂದು ಈ ದಾರಿಯಾಗಿ ಸಮುದ್ರದ ಕಡೆಗೆ ಹೋಗುವುದಿತ್ತು. ಅಲ್ಲಿ ತಿಮಿಂಗಿಲ ಬೇಟೆಯ ಅಮೆರಿಕದ ಹಡಗುಗಳು ಬರುತ್ತವೆ. ಕೈಯಲ್ಲಿ ಬಲ ಇದೆಯೇ ಎಂದು ನೋಡುತ್ತಾರೆಯೇ ಹೊರತು ಕಾಗದ ಕೇಳುವುದಿಲ್ಲ. ಹಡಗು ಹತ್ತಿದರೆ ಮುರ್ತಾ ಮತ್ತೆ ಮನುಷ್ಯ. ಸಿಕ್ಕಿಬಿದ್ದರೆ ಎರಡನೇ ಸಲ ಓಡಿದವರನ್ನು ಕಳಿಸುವ ನಾರ್ಫಕ್ ದ್ವೀಪ. ಅಲ್ಲಿ ಕೈದಿಗಳು ಸಾವು ಬರಲೆಂದು ದೇವರಿಗೆ ಮೊರೆಯಿಡುತ್ತಾರಂತೆ.

ಈ ಗುಟ್ಟು ಗೊತ್ತಿದ್ದದ್ದು ಗುಡಿಸಲಿನವರೆಲ್ಲ ಅಜ್ಜ ಎನ್ನುತ್ತಿದ್ದ ಹಿರಿಯ ಕುರಿಗಾಹಿ ಫಿಂಟನ್‌ಗೆ ಒಬ್ಬನಿಗೇ. ಟಕ್‌ವೆಲ್‌ಗೆ ಏನೂ ಗೊತ್ತಿರಲಿಲ್ಲ. ಅವನು ಡಾರ್ಸೆಟ್ ಕಡೆಯ ಇಂಗ್ಲಿಷಿನವನು. ಮೆಲ್ಲಗೆ ಮಾತಾಡುವ, ಮೆಲ್ಲಗೆ ಯೋಚಿಸುವ, ಕೆಮ್ಮುವುದನ್ನು ಮಾತ್ರ ಜೋರಾಗಿ ಕೆಮ್ಮುವ ಪ್ರಾಣಿ. ಒಂದು ಕುರಿ ಕದ್ದಿದ್ದಕ್ಕೆ ಹದಿನಾಲ್ಕು ವರ್ಷ ಸಾವಿರಾರು ಕುರಿ ಕಾಯಿಸಿದ್ದರು ಅವನಿಂದ. ಐದು ತಿಂಗಳ ಹಿಂದೆ ಶಿಕ್ಷೆ ಮುಗಿದಿತ್ತು. ಎಲ್ಲಿಗೆ ಹೋಗುವುದು ಎಂದು ತೋಚದೆ ಇಲ್ಲೇ ಉಳಿದಿದ್ದ.

ಅಜ್ಜನಿಗೆ ಭಾನುವಾರವೇ ತಿಳಿದಿತ್ತು. ಟಕ್‌ವೆಲ್ ನೀರಿಗೆ ಹೋಗಿದ್ದಾಗ ಮುರ್ತಾನನ್ನು ಹತ್ತಿರ ಕರೆದು ತಮ್ಮ ಭಾಷೆಯಲ್ಲೇ ಹೇಳಿದ್ದ.

"ಮಗಾ, ನಾಳೆ ನಾನಿರಲ್ಲ. ಇವತ್ತೇ ಹೋಗಿ ಆ ಮರದ ಕೆಳಗೆ ಒಂದು ಹೆಂಟೆ ಮಣ್ಣು ತಿರುವಿ ಹಾಕು. ಭಾನುವಾರವೇ ಶುರು ಮಾಡಿದ್ರೆ ಸೋಮವಾರದ ಕೇಡು ತಟ್ಟಲ್ಲ. ಆಮೇಲೆ ನನ್ನ ಮುಚ್ಚಿದ ಮೇಲೆ ಎರಡೂ ಸಲಿಕೆ ಅಡ್ಡಡ್ಡ ಇಡು, ಶಿಲುಬೆ ಥರ. ಪಾದ್ರಿಯಂತೂ ಇಲ್ಲ. ಅದೊಂದಾದ್ರೂ ಇರಲಿ."

"ಸುಮ್ನಿರಜ್ಜಾ, ನೀನೆಲ್ಲಿ ಸಾಯ್ತೀಯ?"

"ಇಡ್ತೀಯೋ ಇಲ್ವೋ, ಅದನ್ನ ಹೇಳು."

"ನಾನೀಗ ಇಂಗ್ಲಿಷಿನವನು ಕಣಜ್ಜ. ಇಂಗ್ಲಿಷಿನವನು ಎಲ್ಲಾದ್ರೂ ಹಾಗೆ ಮಾಡ್ತಾನಾ? ಯಾರಾದ್ರೂ ನೋಡಿದ್ರೆ?"

"ಯಾರೋ ನೋಡೋರು ಇಲ್ಲಿ? ಕುರಿಗಳಾ?" ಎಂದು ಅಜ್ಜ ನಕ್ಕ. ನಕ್ಕು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ. ಸ್ವಲ್ಪ ಹೊತ್ತಿನಲ್ಲಿ ಟಕ್‌ವೆಲ್ ಬಕೆಟ್ ಹಿಡಿದು ಒಳಗೆ ಬಂದಾಗ ಅದನ್ನೇ ಇಂಗ್ಲಿಷಿನಲ್ಲಿ ಅವನಿಗೆ ಹೇಳಿದ. "ಅಷ್ಟೇ ತಾನೇ ಅಜ್ಜ?" ಎಂದ ಟಕ್‌ವೆಲ್. ಸಲಿಕೆ ತೆಗೆದುಕೊಂಡು ಹೋಗಿ ಮರದ ಕೆಳಗೆ ಹುಲ್ಲು ಸಮೇತ ಒಂದು ಹೆಂಟೆ ಮಣ್ಣು ತಿರುವಿ ಬಂದ. ಆ ರಾತ್ರಿ ಮುರ್ತಾ ರೊಟ್ಟಿ ಮುಟ್ಟಲಿಲ್ಲ. ನಮ್ಮವನು ಮಾಡಬೇಕಾದ ಕೆಲಸ ಪರದೇಶಿಯೊಬ್ಬ ಮಾಡಿದ್ದ.

ಸೋಮವಾರ ಬೆಳಗ್ಗೆ ಟಕ್‌ವೆಲ್ ಎದ್ದು, ಸತ್ತ ಅಜ್ಜನ ಪಕ್ಕ ಮಂಡಿಯೂರಿ ಮೂಗು ಒರೆಸಿಕೊಳ್ಳುತ್ತಿದ್ದಾಗ ಮುರ್ತಾ ಹೊರಗೆ ಬಂದ. ನದಿಯ ಆಚೆ ಧೂಳು ಎದ್ದಿತ್ತು. ಒಬ್ಬನೇ ಒಬ್ಬ ಕುದುರೆ ಸವಾರ. ನೀಲಿ ಕೋಟು. ಪೊಲೀಸು. ಕತ್ತಿನ ವಸ್ತ್ರ ಬಿಚ್ಚಿ ಗದ್ದದಿಂದ ನೆತ್ತಿಯವರೆಗೆ ಹಲ್ಲುನೋವಿನವರಂತೆ ಕಟ್ಟಿಕೊಂಡ. ಮಾತು ಕಡಿಮೆಯಾದಷ್ಟೂ ಒಳ್ಳೆಯದು.

ಬಂದವನು ಕಾರ್ಮಕ್ ಡಿವೇನ್ ಎಂಬ ಕಾನ್‌ಸ್ಟೇಬಲ್. ಕಾನ್‌ಸ್ಟೇಬಲ್ ಎಂದರೆ ಅವನೇನು ದೊಡ್ಡ ಮನುಷ್ಯನಲ್ಲ, ಅವನೂ ಕೈದಿಯೇ, ಅವನೂ ಐರ್ಲೆಂಡಿನವನೇ. ಸರ್ಕಾರದ ಬುದ್ಧಿವಂತಿಕೆ ನೋಡಿ, ಕೈದಿಯ ಕೈಗೇ ಪಿಸ್ತೂಲು ಕೊಟ್ಟು ಕೈದಿಗಳನ್ನು ಹಿಡಿಯಲು ಬಿಡುತ್ತಾರೆ. ಓಡಿಹೋದ ಒಬ್ಬನನ್ನು ಹಿಡಿದರೆ ಹಿಡಿದವನ ಶಿಕ್ಷೆಯಲ್ಲಿ ಒಂದು ವರ್ಷ ವಜಾ. ನಮ್ಮೂರುಗಳಲ್ಲಿ ಇಂಥವರ ಹೆಸರು ಬಂದರೆ ಜನ ನೆಲಕ್ಕೆ ಉಗುಳುತ್ತಾರೆ.

"ಕಾಗದ," ಎಂದ ಡಿವೇನ್ ಕುದುರೆಯಿಂದ ಇಳಿಯುತ್ತಲೇ.

ಮುರ್ತಾ ಕೊಟ್ಟ. ಡಿವೇನ್ ಓದಿದ, ಮುಖ ನೋಡಿದ, ಮತ್ತೆ ಓದಿದ. "ಹಾರ್ಗ್ರೀವ್. ಲ್ಯಾಂಕಷೈರು."

"ಹ್ಞೂಂ."

"ಹಲ್ಲುನೋವಾ?"

"ಹ್ಞೂಂ."

"ಲವಂಗ ಇಟ್ಕೋಬೇಕಪ್ಪ." ಕಾಗದ ವಾಪಸು ಕೊಟ್ಟು ಟಕ್‌ವೆಲ್ ಕಡೆಗೆ ತಿರುಗಿದ. "ನಿಂದು?"

ಟಕ್‌ವೆಲ್ ತಲೆ ಕೆರೆದುಕೊಂಡ. "ಇತ್ತು ಸ್ವಾಮಿ. ಕುರಿಮರಿ ತಿಂದುಬಿಡ್ತು."

"ಏನು?"

"ತಬ್ಬಲಿ ಮರಿ ಅದು, ಒಳಗೇ ಸಾಕಿದೀನಿ. ಅಂಗಿ ಒಣಗೋಕೆ ಹಾಕಿದ್ದೆ, ಜೇಬಲ್ಲಿತ್ತು ಕಾಗದ. ಅಗೋ, ಅದೇ."

ಬಾಗಿಲಲ್ಲಿ ನಿಂತಿದ್ದ ಮರಿ ತನಗೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತೆ ಡಿವೇನನ ಬೂಟು ಮೂಸಿತು. ಡಿವೇನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಗೆದ್ದಲು ತಿಂತು ಅಂದೋರು ಸಿಕ್ಕಿದಾರೆ. ನೀರಲ್ಲಿ ಹೋಯ್ತು ಅಂದೋರು ಸಿಕ್ಕಿದಾರೆ. ಕುರಿಮರಿ ಅಂದೋನು ನೀನೇ ಮೊದಲು ನೋಡು ಮಾರಾಯ." ನಗು ನಿಂತದ್ದೇ ಅವನ ಕಣ್ಣು ಬೇರೆಯಾಯಿತು. "ಟಿಪ್ಪರರಿಯವನೊಬ್ಬ ಈ ನದಿ ದಂಡೇಲಿ ಇಂಗ್ಲಿಷಿನವನ ವೇಷ ಹಾಕ್ಕೊಂಡು ಕುರಿ ಕಾಯ್ತಿದಾನೆ ಅಂತ ಸುದ್ದಿ ಬಂದಿದೆ. ಕಂದು ಕೂದಲು, ಮಧ್ಯಮ ಎತ್ತರ, ಬೆನ್ನ ಮೇಲೆ ಏಟಿನ ಗುರುತು. ನೀವಿಬ್ಬರೂ ಹಾಗೇ ಇದೀರಲ್ಲಪ್ಪಾ!"

ಅದೂ ನಿಜವೇ. ಆ ಕಾಡಿನಲ್ಲಿ ಬೆನ್ನ ಮೇಲೆ ಗುರುತಿಲ್ಲದವನನ್ನು ಹುಡುಕುವುದೇ ಕಷ್ಟ.

"ಒಳಗೆ ಹೆಣ ಇದೆ ಸ್ವಾಮಿ," ಎಂದ ಟಕ್‌ವೆಲ್. "ಫಿಂಟನ್ ಅಜ್ಜ. ಬೆಳಗ್ಗೆ ಹೋದ. ನಿಮ್ಮೋನೇ, ಕ್ಲೇರ್ ಕಡೆಯೋನು."

ಡಿವೇನ್ ಒಳಗೆ ಹೋಗಿ ಟೊಪ್ಪಿಗೆ ತೆಗೆದು ಒಂದು ಗಳಿಗೆ ನಿಂತ. ಹೊರಗೆ ಬಂದವನು ಇಬ್ಬರ ಮುಖವನ್ನೂ ಒಮ್ಮೆಲೇ ನೋಡುತ್ತ, "ಈ ಸೆಕೇಲಿ ಹೆಣ ಇಡೋಕಾಗಲ್ಲ. ಈಗಲೇ ತೋಡಿ. ಇವತ್ತು ಸೋಮವಾರ, ಆದ್ರೇನಂತೆ, ಅಲ್ವಾ?" ಎಂದ.

ಮುರ್ತಾನಿಗೆ ಬಲೆ ಕಾಣಿಸಿತು. ಯಾರು ಹಿಂದೇಟು ಹಾಕುತ್ತಾರೆ ಎಂದು ನೋಡಲು ಆಡಿದ ಮಾತು ಅದು. ಒಂದು ಕ್ಷಣವೂ ತಡಮಾಡದೆ ಕಿರಿದಾದ ಸಲಿಕೆಯನ್ನು ಕೈಗೆತ್ತಿಕೊಂಡ. ಟಕ್‌ವೆಲ್ ಮಾತ್ರ, "ಸೋಮವಾರ ಅಂತ ಹೆದರಬೇಡಿ, ಅದಕ್ಕೆ ವ್ಯವಸ್ಥೆ ಆಗಿದೆ," ಎಂದುಬಿಡಬೇಕೇ!

"ಏನು ವ್ಯವಸ್ಥೆ?" ಡಿವೇನನ ದನಿ ಮೆತ್ತಗಾಯಿತು.

ಟಕ್‌ವೆಲ್ ಮರದ ಕೆಳಗೆ ಕರೆದೊಯ್ದು ತೋರಿಸಿದ. ತಿರುವಿದ ಹೆಂಟೆಯ ಹುಲ್ಲು ಬಾಡಿತ್ತು. ಡಿವೇನ್ ಬಗ್ಗಿ ಅದನ್ನು ಬೆರಳಿನಿಂದ ಮುಟ್ಟಿದ. "ಇದು ನಿನ್ನೇದು. ಯಾರು ತಿರುವಿದ್ದು?"

"ನಾನೇ. ಅಜ್ಜ ಹೇಳಿದ್ದ."

"ಅಜ್ಜ ಹೇಳಿದ್ನಾ. ಸರಿ ಸರಿ. ಅಗೀರಿ."

ಡಿವೇನ್ ಮರದ ದಿಮ್ಮಿಯ ಮೇಲೆ ಕೂತು ಚಿಲುಮೆ ಹಚ್ಚಿದ. ಅವನು ಅವರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದ. ಅದು ಏಕೆಂದು ಮುರ್ತಾನಿಗೆ ಗೊತ್ತಾಯಿತು. ಟಿಪ್ಪರರಿಯಲ್ಲಿ ಸಲಿಕೆಯನ್ನು ಒತ್ತುವುದು ಎಡಗಾಲಿನಿಂದ. ಅಪ್ಪ ಒತ್ತಿದ್ದು ಹಾಗೆ, ಅಪ್ಪನ ಅಪ್ಪ ಒತ್ತಿದ್ದು ಹಾಗೆ, ಅಲ್ಲಿಯ ಕಮ್ಮಾರ ಸಲಿಕೆಗೆ ಕಾಲೂರುವ ಮೆಟ್ಟು ಬಡಿಯುವುದೂ ಎಡಕ್ಕೇ. ಮೂರು ವರ್ಷದ ಮಗು ಆಟಕ್ಕೆ ಸಲಿಕೆ ಹಿಡಿದರೂ ಎಡಗಾಲು ತಾನಾಗಿ ಏಳುತ್ತದೆ. ಮುರ್ತಾ ಬಲಗಾಲನ್ನು ಇಟ್ಟ. ಲ್ಯಾಂಕಷೈರಿನ ಕಾಲುವೆಯಲ್ಲಿ ಮೇಸ್ತ್ರಿ ಬೈದು ಬೈದು ಕಲಿಸಿದ ಕಾಲು.

ಮೊದಲ ಒಂದಡಿ ಸುಲಭವಾಗಿತ್ತು. ಆಮೇಲೆ ಇಟ್ಟಿಗೆಯಂಥ ಜೇಡಿ ಬಂತು. ಲೋಕದ ಈ ತುದಿಯಲ್ಲಿ ಜನವರಿಯೇ ಬೇಸಿಗೆ, ಬಿಸಿಲು ನೆತ್ತಿ ಸುಡುತ್ತಿತ್ತು, ಗದ್ದಕ್ಕೆ ಕಟ್ಟಿದ ವಸ್ತ್ರ ಬೆವರಿನಿಂದ ತೊಯ್ದು ಉಸಿರು ಕಟ್ಟಿಸುತ್ತಿತ್ತು. ದೊಡ್ಡಿಯಲ್ಲಿ ಬೆಳಗಿನಿಂದ ಮೇವಿಗೆ ಬಿಡದ ಕುರಿಗಳು ಒಂದೇ ಸಮನೆ ಅರಚುತ್ತಿದ್ದವು. ಬಲಗಾಲಿನ ಅಂಗಾಲು ಬೆಂಕಿಯಾಯಿತು. ಒತ್ತು, ಎತ್ತು, ಬಲಗಾಲು, ಬಲಗಾಲು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಮುರ್ತಾ ಅಗೆದ. ಮರದ ಬೇರು ಅಡ್ಡ ಬಂದು ಸಲಿಕೆ ಟಕ್ಕೆಂದು ನಿಂತಿತು. ಮೈಯ ಪೂರಾ ಬಲ ಬೇಕಾದ ಗಳಿಗೆಯಲ್ಲಿ ಎಡಗಾಲು ತಾನಾಗಿಯೇ ಮೇಲೆದ್ದಿತು!

ಡಿವೇನನ ಚಿಲುಮೆ ಬಾಯಿಂದ ಕೈಗೆ ಬಂತು. ಮುರ್ತಾ ಎತ್ತಿದ ಕಾಲನ್ನು ಹಾಗೇ ಬಗ್ಗಿಸಿ ಮೀನಖಂಡ ತುರಿಸಿಕೊಂಡ. "ಇರುವೆ," ಎಂದು ಗೊಣಗಿ ಬಲಗಾಲನ್ನು ಸಲಿಕೆಯ ಮೇಲಿಟ್ಟು ಮೈಭಾರವೆಲ್ಲ ಹಾಕಿ ಒತ್ತಿದ. ಬೇರು ತುಂಡಾಯಿತು. ಚಿಲುಮೆ ಮತ್ತೆ ಬಾಯಿಗೆ ಹೋಯಿತು.

ಟಕ್‌ವೆಲ್‌ಗೆ ಈ ಯಾವ ಸಂಕಟವೂ ಇರಲಿಲ್ಲ. ಬಲಗಾಲು ಸೋತರೆ ಎಡಗಾಲು, ಎಡಗಾಲು ಸೋತರೆ ಬಲಗಾಲು. ನಡುನಡುವೆ ಸಲಿಕೆಗೆ ಒರಗಿ ಕೆಮ್ಮುತ್ತಿದ್ದ. ನಾಲ್ಕು ವರ್ಷ ಫಿಂಟನ್ ಜೊತೆ ಒಂದೇ ಸೂರಿನಡಿ ಇದ್ದು ಮುದುಕನ ರಾಗವೂ ಅವನ ಮಾತಿಗೆ ಅಂಟಿತ್ತು. ಡಿವೇನ್ ಅವನನ್ನೇ ಮಾತಿಗೆಳೆದ. ಯಾವ ಊರು, ಅಮ್ಮನ ಹೆಸರೇನು ಎಂದು ಕೇಳಿದ. ಟಕ್‌ವೆಲ್ ಪಾಪ, ಕೇಳಿದ್ದಕ್ಕೆಲ್ಲ ನಗುತ್ತ ಉತ್ತರ ಕೊಟ್ಟ. ಡಿವೇನನ ತುಟಿ ಓರೆಯಾಗುತ್ತಿದ್ದುದನ್ನು ಮುರ್ತಾ ಗುಂಡಿಯೊಳಗಿನಿಂದ ನೋಡಿದ.

ಕಂಬಳಿಯಲ್ಲಿ ಸುತ್ತಿ ಅಜ್ಜನನ್ನು ಇಳಿಸಿದರು. ಟಕ್‌ವೆಲ್ ತನಗೆ ಬರುವ ಒಂದೇ ಪ್ರಾರ್ಥನೆಯನ್ನು ತಡವರಿಸುತ್ತ ಹೇಳಿದ. ಮಣ್ಣು ಮುಚ್ಚಿದರು. ಸಲಿಕೆಯ ಬೆನ್ನಿನಿಂದ ತಟ್ಟಿ ದಿಬ್ಬ ಮಾಡಿದರು. ಕೆಲಸ ಮುಗಿಯಿತು.

ಮುಗಿದಿರಲಿಲ್ಲ. ಸಲಿಕೆ ಮುರ್ತಾನ ಕೈಯಲ್ಲೇ ಇತ್ತು, ದಿಬ್ಬ ಎರಡು ಹೆಜ್ಜೆ ದೂರದಲ್ಲಿತ್ತು. ಇಡ್ತೀಯೋ ಇಲ್ವೋ, ಅದನ್ನ ಹೇಳು. ಎಂಟು ತಿಂಗಳು ಈ ಮುದುಕ ತನ್ನ ಪಾಲಿನ ಮಾಂಸ ಕೊಟ್ಟಿದ್ದ, ಕಾಲಿನ ಸಂಕೋಲೆಯ ಹುಣ್ಣಿಗೆ ಕೊಬ್ಬು ಕಾಯಿಸಿ ಹಚ್ಚಿದ್ದ. ಡಿವೇನ್ ಅಲ್ಲೇ ನಿಂತು ಕಾಯುತ್ತಿದ್ದ. ಏನನ್ನು ಕಾಯುತ್ತಿದ್ದಾನೆಂದು ಮುರ್ತಾನಿಗೆ ಗೊತ್ತಿತ್ತು. ಮೂರು ದಿನ ಅಜ್ಜ, ಇನ್ನು ಮೂರೇ ದಿನ, ನನ್ನ ಕ್ಷಮಿಸು ಎಂದು ಮನಸ್ಸಿನಲ್ಲೇ ಅಂದು ಸಲಿಕೆಯನ್ನು ಮರಕ್ಕೆ ಒರಗಿಸಿ, ಕೈ ತೊಳೆಯಲು ಬಕೆಟ್ಟಿನ ಕಡೆಗೆ ನಡೆದ.

ತಿರುಗಿ ನೋಡಿದಾಗ ಟಕ್‌ವೆಲ್ ತನ್ನ ಅಗಲದ ಸಲಿಕೆಯನ್ನು ದಿಬ್ಬದ ಮೇಲೆ ಮಲಗಿಸುತ್ತಿದ್ದ. ಆಮೇಲೆ ಮರದ ಹತ್ತಿರ ಹೋಗಿ ಮುರ್ತಾನ ಸಲಿಕೆ ತಂದು ಅದರ ಮೇಲೆ ಅಡ್ಡ ಇಟ್ಟ. ಟೊಪ್ಪಿಗೆ ತೆಗೆದು, "ಆಯ್ತಜ್ಜ," ಎಂದ.

ಪಿಸ್ತೂಲಿನ ಕುದುರೆ ಕಟಕ್ಕೆಂದಿತು.

"ಅಂತೂ ಸಿಕ್ಕಿದೆಯಲ್ಲೋ, ಮುರ್ತಾ ಹೆಫರ್ನನ್!" ಎಂದ ಡಿವೇನ್, ಟಕ್‌ವೆಲ್‌ನ ಎದೆಗೆ ಗುರಿಯಿಟ್ಟು.

ತನ್ನ ಹೆಸರನ್ನು ಬೇರೊಬ್ಬನ ಮುಖಕ್ಕೆ ಎಸೆದದ್ದನ್ನು ಕೇಳಿ ಮುರ್ತಾ ಗದ್ದದ ವಸ್ತ್ರವನ್ನು ಇನ್ನಷ್ಟು ಬಿಗಿದುಕೊಂಡ.

"ಯಾರದು?" ಟಕ್‌ವೆಲ್ ಹಿಂದೆ ತಿರುಗಿ ನೋಡಿದ, ಯಾರಾದರೂ ಬಂದರೇನೋ ಎಂಬಂತೆ. ಅಷ್ಟರಲ್ಲಿ ಕೈಗೆ ಕೋಳ ಬಿತ್ತು.

"ಭಾನುವಾರ ಹೆಂಟೆ ತಿರುವ್ತೀಯ. ಎಡಗಾಲಲ್ಲಿ ಅಗೀತೀಯ. ಗೋರಿ ಮೇಲೆ ಸಲಿಕೆ ಅಡ್ಡ ಇಡ್ತೀಯ. ಡಾರ್ಸೆಟ್‌ನೋನಂತೆ! ನಮ್ಮೋರ ಹೆಣ ನಮ್ಮೋರಲ್ಲದೆ ಇನ್ಯಾರೋ ಹೀಗೆ ಮಣ್ಣು ಮಾಡ್ತಾರೆ?"

"ಅಜ್ಜ ಹೇಳಿಕೊಟ್ಟಿದ್ದು ಸ್ವಾಮಿ! ದೇವರಾಣೆಗೂ ನಾನು ಟಕ್‌ವೆಲ್. ಹದಿನಾಲ್ಕು ವರ್ಷ ಮುಗಿಸಿದೀನಿ. ಪೂರ್ತಿ ಮುಗಿಸಿದೀನಿ. ಧಣಿಗಳನ್ನ ಕೇಳಿ."

"ನಿನ್ನ ಧಣಿ ಉಣ್ಣೆ ಮಾರೋಕೆ ಸಿಡ್ನಿಗೆ ಹೋಗಿದಾನೆ. ನೀನೂ ಅಲ್ಲಿಗೇ ಬರ್ತಿದೀಯಲ್ಲ, ಕೇಳೋಣ ಬಿಡು."

"ಹಾರ್ಗ್ರೀವ್," ಟಕ್‌ವೆಲ್ ಕೋಳ ಹಾಕಿದ ಕೈಗಳನ್ನು ಮುಂದೆ ಚಾಚಿದ, "ನೀನಾದ್ರೂ ಹೇಳೋ ನಾನು ಯಾರು ಅಂತ."

"ಅವನು ಟಕ್‌ವೆಲ್ಲೇ," ಎಂದ ಮುರ್ತಾ ವಸ್ತ್ರದೊಳಗಿಂದ.

"ಗೆಳೆಯನ ಪರ ಮಾತಾಡೋದು ಒಳ್ಳೇದೇ. ಓಡಿಹೋದೋನ್ನ ಬಚ್ಚಿಟ್ಟರೆ ಏನು ಶಿಕ್ಷೆ ಅಂತ ಗೊತ್ತಿದೆಯಲ್ಲ? ಬಾಯಿ ಮುಚ್ಕೊಂಡಿರು, ಹಲ್ಲಿಗೂ ಒಳ್ಳೇದು."

ಮುರ್ತಾ ಬಾಯಿ ಮುಚ್ಚಿದ. ಸಿಡ್ನಿಯಲ್ಲಿ ದಾಖಲೆ ಇರುತ್ತದೆ, ಗುರುತು ಹಿಡಿಯುವ ಗುಮಾಸ್ತರಿರುತ್ತಾರೆ, ಇವನು ಅವನಲ್ಲ ಎಂದು ಗೊತ್ತಾಗಿಯೇ ಆಗುತ್ತದೆ, ಬಿಟ್ಟೇ ಬಿಡುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ಎಲ್ಲವೂ ಸರಿಯಾದ ಮಾತುಗಳೇ. ಅಷ್ಟರಲ್ಲಿ ತಾನು ಹಡಗಿನಲ್ಲಿರುತ್ತೇನೆ. ಯಾರಿಗೂ ನಷ್ಟವಿಲ್ಲ.

ಡಿವೇನ್ ಕೋಳದ ಸರಪಳಿಯನ್ನು ಜೀನಿನ ರಿಕಾಪಿಗೆ ಬಿಗಿದ. ಸಿಡ್ನಿ ಅಲ್ಲಿಂದ ಇನ್ನೂರು ಮೈಲಿ. ಟಕ್‌ವೆಲ್ ಕೆಮ್ಮಿದ, ಬಗ್ಗಿ ಕೆಮ್ಮಿದ, ಬಾಯಿ ಒರೆಸಿಕೊಳ್ಳಲು ಕೈ ಎತ್ತಿದರೆ ಸರಪಳಿ ಸಾಲಲಿಲ್ಲ. ತೋಳಿಗೆ ಬಾಯಿ ತಿಕ್ಕಿದ. ತೋಳಿನ ಬಟ್ಟೆ ಕೆಂಪಾಯಿತು.

"ಮರಿಗೆ ನೀರು ಇಡೋ ಹಾರ್ಗ್ರೀವ್," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಹಾಲು ಸಿಗದೇ ಇದ್ರೆ ಹಿಟ್ಟು ಕಲಸಿ ಕುಡಿಸು. ನಾನು ಮುಗಿಸಿದ್ದೆ ಕಣೋ. ನಿಂಗೆ ಗೊತ್ತಲ್ಲ, ನಾನು ಪೂರ್ತಿ ಮುಗಿಸಿದ್ದೆ."

ಕುದುರೆ ಹತ್ತು ಹೆಜ್ಜೆ ಇಟ್ಟಿತು. ಭಾನುವಾರ ಹೆಂಟೆ ತಿರುವಿದರೂ ಸೋಮವಾರದ ಗೋರಿ ಇನ್ನೊಬ್ಬನನ್ನು ಕೇಳುತ್ತದೆ. ಯಾರನ್ನು ಎಂದು ಮುರ್ತಾನಿಗೆ ಈಗ ಸ್ಪಷ್ಟವಾಯಿತು. ಈ ಎದೆ ಇನ್ನೂರು ಮೈಲಿ ನಡೆಯುವ ಎದೆಯಲ್ಲ. ಇವನನ್ನು ಸಿಡ್ನಿಯಲ್ಲಿ ಯಾರೂ ಬಿಡುಗಡೆ ಮಾಡುವುದಿಲ್ಲ, ದಾರಿಯಲ್ಲೇ ಎಲ್ಲೋ ಹೂಳುತ್ತಾರೆ. ಗೋರಿಯ ಕಲ್ಲಿನ ಮೇಲೆ ಹೆಫರ್ನನ್ ಎಂದು ಕೆತ್ತುವ ಗೋಜಿಗೂ ಹೋಗುವುದಿಲ್ಲ.

"ನಿಲ್ಲಯ್ಯಾ," ಎಂದ ಮುರ್ತಾ.

ಡಿವೇನ್ ಲಗಾಮು ಎಳೆದ. ಮುರ್ತಾ ಗದ್ದದ ವಸ್ತ್ರ ಬಿಚ್ಚಿ ಎಸೆದ. ದಿಬ್ಬದ ಹತ್ತಿರ ಹೋಗಿ ಮೇಲಿದ್ದ ಸಲಿಕೆಯನ್ನು ಎತ್ತಿಕೊಂಡ. "ಏಯ್, ಅದನ್ನ ಯಾಕೋ ತೆಗೀತೀಯ, ಅಜ್ಜ ಬೈತಾನೆ," ಎಂದ ಟಕ್‌ವೆಲ್. ಮುರ್ತಾ ಉತ್ತರ ಕೊಡಲಿಲ್ಲ. ಗೋರಿಯ ಪಕ್ಕದ ಗಟ್ಟಿ ಹುಲ್ಲುನೆಲದಲ್ಲಿ ಸಲಿಕೆ ಊರಿ ಎಡಗಾಲನ್ನು ಅದರ ಮೇಲಿಟ್ಟ.

ಮೈಯೆಲ್ಲ ತನ್ನ ಜಾಗಕ್ಕೆ ಬಂದು ಕೂತಂತಾಯಿತು. ಒಂದೇ ಒತ್ತಿಗೆ ಅಲಗು ಪೂರ್ತಿ ಇಳಿಯಿತು. ಮೊಣಕಾಲಿನಿಂದ ಹಿಡಿಕೆಯನ್ನು ಮೀಟಿ, ಹುಲ್ಲನ್ನು ಕೆಳಗೆ ಮಾಡಿ ಹೆಂಟೆಯನ್ನು ಮಡಚಿ ಹಾಕಿದ, ಆಲೂಗೆಡ್ಡೆಯ ಮಡಿಗೆ ಟಿಪ್ಪರರಿಯಲ್ಲಿ ಹಾಕುವ ಹಾಗೆ. ಅದರ ಪಕ್ಕಕ್ಕೆ ಇನ್ನೊಂದು. ಅದರ ಪಕ್ಕಕ್ಕೆ ಮತ್ತೊಂದು. ಮೂರೂ ದಾರ ಹಿಡಿದು ಅಳೆದಂತೆ ಬಿದ್ದವು. ಮೂರು ಹೆಂಟೆಗೆ ಅವನು ಒಂದು ಸಲವೂ ಕಾಲು ಬದಲಿಸಲಿಲ್ಲ.

ಡಿವೇನ್ ಕುದುರೆಯ ಮೇಲೆ ಕೂತೇ ಬಹಳ ಹೊತ್ತು ನೋಡಿದ. "ಥೂ," ಎಂದ ಕೊನೆಗೆ, ಯಾರಿಗೆಂದು ಗೊತ್ತಾಗಲಿಲ್ಲ. "ಬೆಳಗ್ಗೆಯಿಂದ ಬಲಗಾಲಲ್ಲಿ ಅಗೆದೆಯಲ್ಲೋ ಪುಣ್ಯಾತ್ಮ. ಇನ್ನೊಂದು ಗಳಿಗೆ ಸುಮ್ನಿದ್ದಿದ್ರೆ ನಾನು ಹೋಗ್ತಿದ್ನಲ್ಲೋ."

"ಕೋಳ ಬಿಚ್ಚು ಅವನಿಗೆ."

"ನಿನ್ನ ಬಿಡ್ತೀನಿ ಅಂದ್ಕೋಬೇಡ. ನನಗೆ ಮಗಳಿದಾಳೆ ಐರ್ಲೆಂಡಲ್ಲಿ. ಇನ್ನೊಂದು ವರ್ಷ ಕಮ್ಮಿಯಾದ್ರೆ ಇಲ್ಲಿಗೆ ಕಳಿಸ್ಕೊಡ್ತಾರೆ ಅವಳನ್ನ."

"ನಾನೇನಾದ್ರೂ ಬಿಡು ಅಂದ್ನಾ? ಅವನ ಕೋಳ ಬಿಚ್ಚು ಅಂದೆ."

ಡಿವೇನ್ ಇಳಿದು ಬಂದ. ಟಕ್‌ವೆಲ್‌ನ ಕೈಯಿಂದ ಬಿಚ್ಚಿದ ಕೋಳವನ್ನು ಮುರ್ತಾನ ಕೈಗೆ ಹಾಕಿದ. ಕಬ್ಬಿಣ ಇನ್ನೂ ಟಕ್‌ವೆಲ್‌ನ ಬೆವರಿನಿಂದ ಒದ್ದೆಯಾಗಿತ್ತು. ಟಕ್‌ವೆಲ್ ಮಣಿಕಟ್ಟು ಉಜ್ಜಿಕೊಳ್ಳುತ್ತ ಇಬ್ಬರನ್ನೂ ನೋಡಿದ. ಅವನಿಗೆ ಅರ್ಥವಾಗಲು ಯಾವಾಗಲೂ ಸ್ವಲ್ಪ ಹೊತ್ತು ಬೇಕು.

"ಸಲಿಕೆ ಮತ್ತೆ ಇಡು ಅಜ್ಜನ ಮೇಲೆ," ಎಂದ ಮುರ್ತಾ ಅವನಿಗೆ. "ಅಗಲದ್ದು ಕೆಳಗೆ, ಇದು ಮೇಲೆ. ಸರಿಯಾಗಿಯೇ ಇಟ್ಟಿದ್ದೆ ನೀನು."

ಕುದುರೆ ಹೊರಟಿತು, ಮುರ್ತಾ ಅದರ ಪಕ್ಕದಲ್ಲಿ ನಡೆದ. ನದಿಯ ದಂಡೆಯವರೆಗೆ ಬಂದಿರಬೇಕು. ಹಿಂದಿನಿಂದ ಯಾರೋ ಏದುಸಿರು ಬಿಡುತ್ತ, ಕೆಮ್ಮುತ್ತ ಓಡಿಬರುವ ಸದ್ದಾಯಿತು. ಟಕ್‌ವೆಲ್. ಕಂಕುಳಲ್ಲಿ ಕುರಿಮರಿ.

"ಹಾರ್ಗ್ರೀವ್!" ಎಂದು ಕೂಗಿದ. ಆಮೇಲೆ ತಲೆ ಅಲ್ಲಾಡಿಸಿ ನಿಂತ. "ಅಲ್ಲ. ಅದಲ್ಲ. ಏಯ್, ನಿನ್ನ ಹೆಸರೇನೋ? ನಾನು ಪ್ರಾರ್ಥನೆಯಲ್ಲಿ ಏನಂತ ಹೇಳಲಿ?"

ಮುರ್ತಾ ಸರಪಳಿ ಬಿಟ್ಟಷ್ಟು ಹಿಂದಕ್ಕೆ ತಿರುಗಿ, ಎಂಟು ತಿಂಗಳಿನಿಂದ ಗಂಟಲಲ್ಲಿ ಹಿಡಿದಿಟ್ಟದ್ದನ್ನು ನದಿಯ ಆಚೆಗೂ ಕೇಳುವ ಹಾಗೆ ಕೂಗಿ ಹೇಳಿದ. "ಮುರ್ತಾ! ಡೊನಲ್ ಹೆಫರ್ನನ್ನನ ಮಗ ಮುರ್ತಾ!"